ಚಿಗುರಿಯ ಅಪ್ಪ

ಗುರುಶಾಂತ ಸತ್ತ ಮೇಲಿನ ಮೊದಲ ಗುರುವಾರ ಅವನ ಮನೆಯಲ್ಲಿ ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ಹೊಸ ಚಾಪೆ ಹಾಸಿದ್ದರು. ಅವನು ದಿನಾ ಕೂರುತ್ತಿದ್ದ ಬೆತ್ತದ ಕುರ್ಚಿಯನ್ನು ಒರೆಸಿ ಕಿಟಕಿಯ ಪಕ್ಕಕ್ಕೆ ಇಟ್ಟಿದ್ದರು. ನೆಂಟರು ಗೋಡೆಗೆ ಒರಗಿ ಕೂತಿದ್ದರು. ಅವನ ಹೆಂಡತಿ ಸರ್ವಮಂಗಳಮ್ಮ ಹೊಸ್ತಿಲ ಒಳಗೆ ನಿಂತು ಬೀದಿಯನ್ನೇ ನೋಡುತ್ತಿದ್ದರಂತೆ. ಇದನ್ನೆಲ್ಲ ನನಗೆ ಆಮೇಲೆ ಹೇಳಿದರು. ಆ ಹೊತ್ತಿಗೆ ಗುರುಶಾಂತ ನನ್ನ ಮೆಡಿಕಲ್ ಶಾಪಿನ ಮೇಲಿನ ಕೋಣೆಗೆ ಮೆಟ್ಟಿಲು ಹತ್ತಿ ಬಂದು, ತನ್ನ ಜಾಗದಲ್ಲಿ ಕೂತು, "ಮೇಷ್ಟ್ರೇ, ಎಲ್ಲಿಗೆ ನಿಲ್ಸಿದ್ವಿ?" ಎಂದು ಕೇಳುತ್ತಿದ್ದ.

ನಮ್ಮೂರಿನಲ್ಲಿ ಸತ್ತವರು ಗುರುವಾರ ಬರುತ್ತಾರೆ. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಬಂದು, ದೀಪ ಹಚ್ಚುವಾಗ ಎದ್ದು ಹೋಗುತ್ತಾರೆ. ಕೆಲವರು ನಾಲ್ಕಾರು ತಿಂಗಳು ಬರುತ್ತಾರೆ, ಕೆಲವರು ವರ್ಷದವರೆಗೆ. ಬರಬರುತ್ತ ತೆಳ್ಳಗಾಗಿ, ಒಂದು ಗುರುವಾರ ಬರುವುದೇ ಇಲ್ಲ. ಅವರನ್ನು ಗುರುವಾರದವರು ಅನ್ನುತ್ತೇವೆ. ಅವತ್ತು ಅರ್ಧ ದಿನ ಅಂಗಡಿಗಳಿಗೆ ರಜೆ, ಬಸ್ಸುಗಳು ಊರ ಹೊರಗಿನ ಗೇಟಿನಲ್ಲೇ ನಿಲ್ಲುತ್ತವೆ, ಮಕ್ಕಳಿಗೆ ಬೀದಿಯಲ್ಲಿ ಓಡಬೇಡಿ ಎಂದು ಹೇಳಿರುತ್ತಾರೆ. ಗುರುವಾರದವರನ್ನು ಕರೆದು ಪ್ರಯೋಜನವಿಲ್ಲ. ಅವರು ಬರುವ ಕಡೆಗೇ ಬರುತ್ತಾರೆ. ಬಂದ ವಿಷಯ ಬಿಟ್ಟು ಬೇರೆ ಯಾವ ಮಾತೂ ಅವರ ಕಿವಿಗೆ ಬೀಳುವುದಿಲ್ಲ. ಬಹಳ ಮಂದಿ ಮನೆಗೇ ಬರುತ್ತಾರೆ. ಎಲ್ಲರೂ ಅಲ್ಲ. ನನ್ನ ಅಮ್ಮ ಸತ್ತಾಗ ಬಂದದ್ದು ಮನೆಗಲ್ಲ, ಹಿಂದೆಂದೋ ಡೇರೆ ಕಿತ್ತುಕೊಂಡು ಹೋಗಿದ್ದ ಟೂರಿಂಗ್ ಟಾಕೀಸಿನ ಖಾಲಿ ಬಯಲಿಗೆ. ಅಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು, ಪರದೆ ಇರುತ್ತಿದ್ದ ಕಡೆಗೆ ನೋಡುತ್ತಿದ್ದಳು. ಅಪ್ಪ ಪ್ರತಿ ಗುರುವಾರ ಕೊಡೆ ಹಿಡಿದುಕೊಂಡು ಹೋಗಿ ದೂರದಲ್ಲಿ ನಿಲ್ಲುತ್ತಿದ್ದ. "ಸಿನಿಮಾ ಅಂದ್ರೆ ಇವಳಿಗೆ ಇಷ್ಟೊಂದು ಪ್ರಾಣ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದು ಒಮ್ಮೆ ಹೇಳಿದ್ದ. ಆಮೇಲೆ ಆ ಮಾತೆತ್ತಲಿಲ್ಲ.

ಹೀಗಾಗಿ ಸಾವಾದ ಮನೆಗೆ ಹೋದವರು ಮೊದಲು ಕೇಳುವುದು, "ಎಲ್ಲಿಗೆ ಬಂದ್ರು?" ಎಂದು. ಮನೆಗೇ ಬಂದರು ಎಂದರೆ ಕೇಳಿದವರ ಮುಖ ಸಡಿಲವಾಗುತ್ತದೆ. ಗಂಡ ಮನೆಗೆ ಬರಲಿಲ್ಲ ಎಂದರೆ ಆ ಹೆಂಗಸನ್ನು ಊರು ನೋಡುವ ನೋಟವೇ ಬೇರೆ. ಯಾರೂ ಏನೂ ಅನ್ನುವುದಿಲ್ಲ. ನಲ್ಲಿಯ ಹತ್ತಿರ ಅವಳಿಗೆ ಮೊದಲು ಕೊಡ ಹಿಡಿಯಲು ಬಿಡುತ್ತಾರೆ, ಅಷ್ಟೇ. ಆ ಮರ್ಯಾದೆಯನ್ನು ತಡೆದುಕೊಳ್ಳುವುದು ಕಷ್ಟ.

ನನ್ನ ಆಟದ ಬಗ್ಗೆ ಹೇಳಬೇಕು. ಓದುವ ಕಾಲದಲ್ಲಿ ಹಾಸ್ಟೆಲಿನ ಗೆಳೆಯನೊಬ್ಬ ಬೇರೆ ದೇಶದಿಂದ ಬಂದ ಒಂದು ಪೆಟ್ಟಿಗೆಯನ್ನು ನನಗೆ ಕೊಟ್ಟು ಹೋಗಿದ್ದ. ಅದರಲ್ಲಿ ಒಂದು ಇಂಗ್ಲಿಷ್ ಪುಸ್ತಕ, ನಾನೆಂದೂ ನೋಡಿರದಂಥ ದಾಳಗಳು. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ಆಟಕ್ಕೆ ಹಾಸು ಇಲ್ಲ, ಕಾಯಿ ಇಲ್ಲ. ಮೇಜಿನ ಸುತ್ತ ನಾಲ್ಕು ಜನ ಕೂರಬೇಕು. ಒಬ್ಬ ಆಟ ನಡೆಸುವವನು. ಎದುರಿಗೆ ಏನಿದೆ ಎಂದು ಅವನು ಹೇಳುತ್ತಾನೆ: ಕಾಡು, ಕೋಟೆ, ಬಾಗಿಲಲ್ಲಿ ನಿಂತ ಕಾವಲಿನವನು. ಉಳಿದವರು ಒಬ್ಬೊಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು, ಅವನಾಗಿ, ತಾವು ಏನು ಮಾಡುತ್ತೇವೆ ಎಂದು ಹೇಳುತ್ತಾರೆ. ಕಷ್ಟದ ಕೆಲಸವಾದರೆ ದಾಳ ಹಾಕುತ್ತಾರೆ. ದೊಡ್ಡ ಸಂಖ್ಯೆ ಬಿದ್ದರೆ ಕೆಲಸ ಆಯಿತು, ಒಂದು ಬಿದ್ದರೆ ಪೂರಾ ಕೆಟ್ಟಿತು. ಗೆಲುವು ಸೋಲು ಇಲ್ಲ, ಮುಗಿಯುವುದೂ ಇಲ್ಲ. ಕಥೆ ವಾರದಿಂದ ವಾರಕ್ಕೆ ಮುಂದುವರಿಯುತ್ತದೆ. ನಾನು ಆ ಪುಸ್ತಕದ ರಾಕ್ಷಸರನ್ನೂ ರಾಜರನ್ನೂ ಬಿಟ್ಟು, ನನ್ನದೇ ಒಂದು ನಾಡು ಮಾಡಿಕೊಂಡೆ. ಒಂದು ದೊಡ್ಡ ನದಿ, ನದಿಯ ಉದ್ದಕ್ಕೂ ಹಳ್ಳಿಗಳು, ಉಪ್ಪಿಗೆ ಜಗಳವಾಡುವ ಎರಡು ಪಾಳೆಯಗಳು. ಅಲ್ಲಿ ಸಂತೆಯಲ್ಲಿ ಯಾರು ಏನು ಮಾರುತ್ತಾರೆ, ಯಾವ ದಡದಲ್ಲಿ ಮೊಸಳೆ ಇದೆ, ಯಾವ ಊರಿನವರು ಯಾವ ಊರಿಗೆ ಹೆಣ್ಣು ಕೊಡುವುದಿಲ್ಲ, ಎಲ್ಲ ನನಗೆ ಗೊತ್ತಿತ್ತು. ಅಪ್ಪನ ಮೆಡಿಕಲ್ ಶಾಪು ನನಗೆ ಬಂತು, ಮದುವೆ ಆಗಲಿಲ್ಲ, ಕೂದಲು ಉದುರಿತು. ನಾಡು ಮಾತ್ರ ಬೆಳೆಯುತ್ತ ಹೋಯಿತು.

ಗುರುವಾರ ಮಧ್ಯಾಹ್ನ ಇಡೀ ಊರು ಮುಚ್ಚಿರುತ್ತಿದ್ದರಿಂದ, ಮನೆಯಲ್ಲಿ ಹೊಸದಾಗಿ ಯಾರೂ ಸತ್ತಿರದವರಿಗೆ ಮಾಡಲು ಕೆಲಸವಿರುತ್ತಿರಲಿಲ್ಲ. ಅಂಥವರೇ ಮೇಲಿನ ಕೋಣೆಗೆ ಬರುತ್ತಿದ್ದರು. ಬಂದು ಬಿಟ್ಟುಹೋದವರು ಬಹಳ. ಕೊನೆಗೆ ಉಳಿದವರು ಮೂವರು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದ ಫಿಲೋಮಿನಾ, ಟೈಲರ್ ಶಫಿ, ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ ಗುರುಶಾಂತ. ಈಚೆಗೆ ಕಾಲೇಜು ಹುಡುಗರನ್ನು ಕರೆದು ನೋಡಿದ್ದೆ. ಎರಡು ವಾರ ಬಂದರು, ಮೂರನೆಯ ವಾರ ಮೊಬೈಲ್ ನೋಡುತ್ತ ಕೂತರು, ಆಮೇಲೆ ಬರಲಿಲ್ಲ. ಊರಿನಲ್ಲಿ ನಮ್ಮನ್ನು ನೋಡಿ ನಗುತ್ತಿದ್ದರು. "ಮೇಲ್ಗಡೆ ವಯಸ್ಸಾದೋರ ಅಂಗನವಾಡಿ" ಎಂದು ಎದುರಿನ ಹೋಟೆಲಿನವನು ಹೇಳುತ್ತಿದ್ದ. ಆಟ ನಡೆಸುವ ನನ್ನನ್ನು ಈ ಮೂವರೂ ಮೇಷ್ಟ್ರು ಎಂದು ಕರೆಯುತ್ತಿದ್ದರು. ಕೆಳಗೆ ಅಂಗಡಿಯಲ್ಲಿ ನಾನು ಜಿನರಾಜಣ್ಣ.

ಗುರುಶಾಂತ ಬಸ್ ಸ್ಟ್ಯಾಂಡಿನ ಗೂಡಿನಂಥ ಕೋಣೆಯಲ್ಲಿ ಕೂತು ದಿನವಿಡೀ ಮೈಕಿನಲ್ಲಿ ಬಸ್ಸುಗಳು ಹೋಗುವ ಊರುಗಳ ಹೆಸರು ಕೂಗುತ್ತಿದ್ದ. ಅವನು ಮಾತ್ರ ಆ ಬಸ್ಸುಗಳಲ್ಲಿ ಹತ್ತಿದವನಲ್ಲ. ಮನೆಯಲ್ಲಿ ಮಾತೇ ಇಲ್ಲ ಎಂದು ಸರ್ವಮಂಗಳಮ್ಮ ಹೇಳುತ್ತಿದ್ದರು. ನಮ್ಮ ಮೇಜಿನ ಮುಂದೆ ಅವನು ಕೆಂಚರಾಯ. ದೋಣಿ ನಡೆಸುವವನು, ಜೋರಾಗಿ ನಗುವವನು, ಪ್ರವಾಹದಲ್ಲೂ ಹಗ್ಗ ಬಿಚ್ಚುವವನು. ಗುರುಶಾಂತನಿಗೂ ಸರ್ವಮಂಗಳಮ್ಮನಿಗೂ ಬಹಳ ಕಾಲದ ಮೇಲೆ ಒಂದು ಹೆಣ್ಣುಮಗು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿತು. ಅಷ್ಟು ಚಿಕ್ಕ ಮಕ್ಕಳು ಗುರುವಾರ ಬರುವುದಿಲ್ಲ. ಅವಕ್ಕೆ ದಾರಿ ಗೊತ್ತಿರುವುದಿಲ್ಲ ಎನ್ನುತ್ತಾರೆ. ಆಮೇಲೆ ಕೆಲವು ತಿಂಗಳು ಗುರುಶಾಂತ ಆಟಕ್ಕೆ ಬರಲಿಲ್ಲ. ಮತ್ತೆ ಬಂದ ದಿನ, ನಾನು ಕಥೆ ಎತ್ತಿಕೊಳ್ಳುವ ಮೊದಲೇ, ಮೇಜು ನೋಡುತ್ತ ಹೇಳಿದ: "ಮೇಷ್ಟ್ರೇ, ಕೆಂಚರಾಯನಿಗೆ ಒಬ್ಬಳು ಮಗಳಿದ್ದಾಳೆ."

ಆಟ ನಡೆಸುವವನು ಕೇಳಬೇಕಾದದ್ದನ್ನು ನಾನು ಕೇಳಿದೆ. "ಹೆಂಡತಿ?"

"ಹೆರಿಗೇಲಿ ಹೋದ್ಲು" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಮಗು ಉಳೀತು" ಅಂದ.

ಹಾಗೆ ಚಿಗುರಿ ಬಂದಳು. ಆಟದಲ್ಲಿ ಎದುರು ಸಿಗುವ ಎಲ್ಲರ ಮಾತನ್ನೂ ನಡೆಸುವವನೇ ಆಡಬೇಕು. ಆದ್ದರಿಂದ ಚಿಗುರಿಯ ಮಾತು ನನ್ನದಾಯಿತು. ಮೊದಲು ದೋಣಿಯ ಮೂಲೆಯ ತೊಟ್ಟಿಲಲ್ಲಿ ಅಳುವ ಸದ್ದು ಅಷ್ಟೇ. ಆಮೇಲೆ ತೊದಲು. ಮಕ್ಕಳು ಹೇಗೆ ಮಾತಾಡುತ್ತವೆ ಎಂದು ನಾನು ಫಿಲೋಮಿನಾಳನ್ನು ಕೇಳಿ ತಿಳಿದುಕೊಂಡೆ. ಅಂಗಡಿಗೆ ಬರುವ ತಾಯಂದಿರ ಕಂಕುಳಲ್ಲಿದ್ದವನ್ನು ಗಮನಿಸಿದೆ. ಆ ನಾಡಿನಲ್ಲಿ ಕಾಲ ನಿಧಾನ. ಇಲ್ಲಿ ನಮಗೆ ಬಿಪಿ, ಸಕ್ಕರೆ ಎಲ್ಲ ಬರುವಷ್ಟರಲ್ಲಿ ಅಲ್ಲಿ ಅವಳಿಗೆ ಹನ್ನೊಂದು ವರ್ಷವಾಗಿತ್ತು. ಹುಟ್ಟು ಹಾಕುವುದನ್ನು ಕಲಿತಿದ್ದಳು. ಅಪ್ಪನಿಗೆ ಬೈಯುತ್ತಿದ್ದಳು. ಮೀನಿನ ಕಣ್ಣು ತಿನ್ನುವುದಿಲ್ಲ ಎಂದು ಹಟ ಮಾಡುತ್ತಿದ್ದಳು. ಗುರುಶಾಂತ ಎಲ್ಲವನ್ನೂ ಬಿಟ್ಟು ಅವಳ ಮಾತಿಗೆ ಕಾಯುತ್ತಿದ್ದ. ನಾನೂ ಕಾಯುತ್ತಿದ್ದೆ. ಬುಧವಾರ ಅಂಗಡಿಯಲ್ಲಿ ಮಾತ್ರೆ ಎಣಿಸುವಾಗ, ನಾಳೆ ಅವಳು ಏನು ಹೇಳಬಹುದು ಎಂದು ಯೋಚಿಸಿ ಒಬ್ಬನೇ ನಗುತ್ತಿದ್ದೆ. ಮಗಳು ಎಂಬುದು ನನಗೆ ಗೊತ್ತಿದ್ದದ್ದು ಅಷ್ಟು.

ಗುರುಶಾಂತ ಬಸ್ ಸ್ಟ್ಯಾಂಡಿನಲ್ಲೇ, ಮೈಕಿನ ಮುಂದೆ, ಎದೆನೋವು ಬಂದು ಸತ್ತ. ಬಂದ ಮೊದಲ ಗುರುವಾರ ಅವನು ಎಲ್ಲಿಗೆ ನಿಲ್ಲಿಸಿದ್ವಿ ಎಂದು ಕೇಳಿದಾಗ ಶಫಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಫಿಲೋಮಿನಾ ಶಿಲುಬೆಯ ಗುರುತು ಮಾಡಿಕೊಂಡಳು. ಅವನು ಯೂನಿಫಾರ್ಮಿನಲ್ಲೇ ಇದ್ದ. ಕೊರಳಪಟ್ಟಿಯ ಗುಂಡಿ ಬಿಚ್ಚಿತ್ತು, ಯಾರೋ ಗಾಳಿ ಬರಲಿ ಎಂದು ಬಿಚ್ಚಿದ್ದಿರಬೇಕು.

"ಕೋಟೆಗೆ ಹೊರಟ ಉಪ್ಪಿನ ದೋಣಿ ನಡುನೀರಿನಲ್ಲಿದೆ" ಅಂದೆ.

"ಚಿಗುರಿ ಊಟ ಮಾಡಿದ್ಲಾ?"

ಅವನು ಕೇಳಿದ್ದು ಅದೊಂದೇ. ನಾನು ಅವಳಾಗಿ ಹೇಳಿದೆ: "ಮಾಡ್ದೆ ಅಪ್ಪ. ನೀನೇ ಮಾಡಿಲ್ಲ." ಗುರುಶಾಂತ ನಕ್ಕ. ಗುರುವಾರದವರ ಕೈಯಲ್ಲಿ ವಸ್ತು ನಿಲ್ಲುವುದಿಲ್ಲ, ಹಾಗಾಗಿ ಅವನ ದಾಳವನ್ನು ಶಫಿ ಹಾಕಿದ. ದೀಪದ ಹೊತ್ತಿನವರೆಗೆ ಆಡಿದೆವು.

ಮರುದಿನ ಸರ್ವಮಂಗಳಮ್ಮ ಅಂಗಡಿಗೆ ಬಂದರು. ಹಣೆ ಬೋಳಾಗಿತ್ತು. ಬೇರೆ ಗಿರಾಕಿಗಳು ತಾವಾಗಿಯೇ ಹಿಂದೆ ಸರಿದು ಅವರಿಗೆ ದಾರಿ ಬಿಟ್ಟರು. ಅಂದರೆ ಸುದ್ದಿ ಆಗಲೇ ಹರಡಿತ್ತು.

"ಇಲ್ಲಿಗೆ ಬಂದಿದ್ರಾ?"

"ಹೂಂ ಮಂಗಳಮ್ಮ."

"ಮಾತಾಡಿದ್ರಾ?"

"ಸ್ವಲ್ಪ."

"ನನ್ನ ವಿಷ್ಯ ಏನಾದ್ರೂ..."

"ಇಲ್ಲಮ್ಮ" ಅಂದೆ. ಬೇರೇನು ಹೇಳಲಿ?

ಅವರು ತಲೆಯಾಡಿಸಿದರು. "ಮೊದಲ ವಾರ ಅಲ್ವಾ, ದಾರಿ ತಪ್ಪಿರಬಹುದು" ಎಂದು ಹೇಳಿ ಹೋದರು.

ಎರಡನೆಯ ಗುರುವಾರವೂ ಅವರು ಬಾಗಿಲು ತೆರೆದಿಟ್ಟರು, ಮೂರನೆಯದಕ್ಕೂ. ಅವನು ನಮ್ಮಲ್ಲಿಗೇ ಬಂದ. ನೆಂಟರು ಒಬ್ಬೊಬ್ಬರಾಗಿ ತಮ್ಮ ಊರುಗಳಿಗೆ ಹೋದರು. ನನಗೆ ಇದು ತಡೆಯದಾಯಿತು. ಶಫಿಗೂ ಫಿಲೋಮಿನಾಗೂ ಬರಬೇಡಿ ಎಂದು ಹೇಳಿ, ಮುಂದಿನ ಗುರುವಾರ ಮೇಲಿನ ಕೋಣೆಗೆ ಬೀಗ ಹಾಕಿದೆ. ಬಾಗಿಲು ಮುಚ್ಚಿದ್ದರೆ ಮನೆಗೆ ಹೋಗಬಹುದು ಎಂದುಕೊಂಡೆ. ಅವನು ಬಂದ. ಮೇಲಿನ ಮೆಟ್ಟಿಲಲ್ಲಿ, ಬಾಗಿಲಿಗೆ ಹಣೆ ಕೊಟ್ಟು ನಿಂತ. ಆ ಮೆಟ್ಟಿಲು ಬೀದಿಗೆ ಕಾಣುತ್ತದೆ. ದೀಪ ಹಚ್ಚುವವರೆಗೆ ಅವನು ಹಾಗೇ ನಿಂತಿದ್ದ. ನಾನು ಕೆಳಗೆ ಮುಚ್ಚಿದ ಷಟರಿನ ಹಿಂದೆ ಕೂತಿದ್ದೆ.

ಮರುದಿನ ಸರ್ವಮಂಗಳಮ್ಮ ಮತ್ತೆ ಬಂದರು. ಈ ಸಲ ಅವರ ದನಿ ಗಡುಸಾಗಿತ್ತು. "ಬಾಗ್ಲು ತೆಗೀರಿ ಜಿನರಾಜಣ್ಣ. ಹಂಗೆ ಬೀದೀಲಿ ನಿಲ್ಲಿಸ್ಬೇಡಿ ಅವರನ್ನ. ಮನೆಗೆ ಬರದೇ ಇದ್ರೂ ಪರವಾಗಿಲ್ಲ."

"ಆಗ್ಲಿ."

"ಏನಿದೆ ಅಲ್ಲಿ? ಇಸ್ಪೀಟಾ? ಕುಡೀತೀರಾ?"

"ಅಯ್ಯೋ ಇಲ್ಲಮ್ಮ. ಕಥೆ ಹೇಳ್ಕೊಂಡು ಕೂರ್ತೀವಿ."

"ಕಥೆಗಾ?" ಎಂದು ನನ್ನನ್ನೇ ನೋಡಿದರು. "ಗುರುವಾರ ನಾನೂ ಬರ್ತೀನಿ. ಮೂಲೇಲಿ ಕೂತಿರ್ತೀನಿ."

ಬೇಡ ಎಂದು ಹೇಳುವ ಹಕ್ಕು ನನಗಿರಲಿಲ್ಲ. ಆದರೂ ಆ ವಾರವೆಲ್ಲ ಹೇಗೆ ತಪ್ಪಿಸಲಿ ಎಂದೇ ಯೋಚಿಸಿದೆ. ಚಿಗುರಿಯನ್ನು ಯಾವುದಾದರೂ ಹಳ್ಳಿಗೆ ಕಳಿಸಿಬಿಡಬಹುದಿತ್ತು. ಆದರೆ ಅವನು ಬಂದ ಕೂಡಲೇ ಕೇಳುವುದು ಅವಳನ್ನೇ.

ಗುರುವಾರ ಅವರು ಎಲ್ಲರಿಗಿಂತ ಮೊದಲು ಬಂದು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂತರು. ಸೆರಗು ಹೊದ್ದಿದ್ದರು. ಗುರುಶಾಂತ ಮೆಟ್ಟಿಲು ಹತ್ತಿ ಬಂದಾಗ ಎದ್ದು ನಿಂತು, "ರೀ" ಅಂದರು. ಅವನು ಅವರನ್ನು ನೋಡಿದ. ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೋಡುವ ಹಾಗೆ ನೋಡಿ, ತನ್ನ ಜಾಗದಲ್ಲಿ ಕೂತ.

"ಮೇಷ್ಟ್ರೇ, ಚಿಗುರಿ ಊಟ ಮಾಡಿದ್ಲಾ?"

ನಾನು ಸರ್ವಮಂಗಳಮ್ಮನ ಕಡೆ ನೋಡಿದೆ. ಅವನು ಕಾಯುತ್ತಿದ್ದ. ಗುರುವಾರದವರಿಗೆ ಅವಸರವಿಲ್ಲ.

"ಯಾರು ಚಿಗುರಿ?" ಸರ್ವಮಂಗಳಮ್ಮ ಫಿಲೋಮಿನಾಳನ್ನು ಕೇಳಿದರು.

ಫಿಲೋಮಿನಾ ಸುಳ್ಳು ಹೇಳುವವಳಲ್ಲ. ಅವರ ಕೈ ಹಿಡಿದುಕೊಂಡು, "ಕಥೇಲಿ ಅವರ ಮಗಳು, ಮಂಗಳಾ" ಅಂದಳು.

"ಎಷ್ಟು ವರ್ಷ?"

"ಹನ್ನೊಂದು."

ಸರ್ವಮಂಗಳಮ್ಮ ಫಿಲೋಮಿನಾಳ ಹಿಡಿತದಿಂದ ಕೈ ಬಿಡಿಸಿಕೊಂಡರು. ಆಮೇಲೆ ಕೇಳಿದರು. "ಅವಳ ತಾಯಿ?"

ಶಫಿ ದಾಳಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ತಲೆ ತಗ್ಗಿಸಿದ. ಫಿಲೋಮಿನಾ ನನ್ನ ಕಡೆ ನೋಡಿದಳು. ಸರ್ವಮಂಗಳಮ್ಮನೂ ನನ್ನ ಕಡೆಗೆ ತಿರುಗಿದರು. "ಹೇಳಿ ಜಿನರಾಜಣ್ಣ. ಅಲ್ಲಿ ನಾನೆಲ್ಲಿದ್ದೀನಿ?"

"ಹೆರಿಗೇಲಿ ತೀರಿಕೊಂಡ್ಲು ಮಂಗಳಮ್ಮ" ಅಂದೆ. "ಅವನು ಹಾಗೆ ಹೇಳಿದ್ದು... ಅದು ನೀವಲ್ಲ. ಕಥೆ ಅದು."

ಅವರು ಅಳಲಿಲ್ಲ. ಸ್ಟೂಲು ಎಳೆದುಕೊಂಡು ಬಂದು ಮೇಜಿನ ಹತ್ತಿರ, ಗಂಡನ ಎದುರಿಗೆ ಕೂತರು. ಗುರುಶಾಂತ ಮತ್ತೆ ಕೇಳಿದ: "ಚಿಗುರಿ ಊಟ ಮಾಡಿದ್ಲಾ?"

"ಉಂಡೆ ಅಪ್ಪ" ಎಂದರು ಸರ್ವಮಂಗಳಮ್ಮ.

ಅದು ಮಗುವಿನ ದನಿ ಮಾಡಿ ಹೇಳಿದ್ದಲ್ಲ. ಅವರದೇ ದನಿ, ಆದರೆ ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ಮಾತನ್ನು ಯಾವತ್ತೋ ಕೇಳಬೇಕಾಗಿತ್ತು, ಕೇಳಲಿಲ್ಲ, ಈಗ ನಾನೇ ಹೇಳುತ್ತಿದ್ದೇನೆ ಎನ್ನುವ ಹಾಗಿತ್ತು. ಶಫಿ ಕಣ್ಣೊರೆಸಿಕೊಂಡ. ನನಗೂ ಒಂದು ಗಳಿಗೆ, ಇನ್ನು ಸರಿಹೋಯಿತು, ಇವರಿಬ್ಬರೂ ಇಲ್ಲಿ ಸೇರಿದರು, ಚಿಗುರಿಯನ್ನು ಇವರಿಗೇ ಒಪ್ಪಿಸಿಬಿಡೋಣ ಅನ್ನಿಸಿತು. ಇನ್ನು ಅವಳ ಮಾತು ನನ್ನದಲ್ಲವಾದರೂ, ಆಗಲಿ ಅನ್ನಿಸಿತು.

ಗುರುಶಾಂತ ಹುಬ್ಬು ಗಂಟಿಕ್ಕಿದ. ನನ್ನ ಕಡೆ ತಿರುಗಿ ಹೇಳಿದ: "ಮೇಷ್ಟ್ರೇ, ಯಾರೋ ಹೆಂಗಸು ಮಾತಾಡ್ತಿದ್ದಾಳೆ. ನನ್ನ ಮಗಳೆಲ್ಲಿ?"

ಸರ್ವಮಂಗಳಮ್ಮ ಕೈಗಳನ್ನು ಮೇಜಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ನನಗೆ, "ನೀವೇ ಹೇಳಿ. ಕಾಯ್ತಿದ್ದಾರೆ" ಅಂದರು.

ನಾನು ಹೇಳಿದೆ. ತಾಯಿಯ ಎದುರಿಗೆ, ಅವಳ ಮಗಳಾಗಿ, ನನ್ನ ಮುದಿ ಗಂಟಲಿನಲ್ಲಿ, ಉಂಡೆ ಅಪ್ಪ, ಇವತ್ತು ಮಳೆ ಬರೋ ಹಂಗಿದೆ, ಹಾಯಿ ಇಳ್ಸೋಣ್ವಾ ಎಂದೆಲ್ಲ ಹೇಳಿದೆ. ಗುರುಶಾಂತ ಮುಖವರಳಿಸಿ ಉತ್ತರ ಕೊಟ್ಟ. ಮನೆಯಲ್ಲಿ ಮಾತೇ ಆಡದ ಮನುಷ್ಯ ಮಗಳಿಗೆ ಮೋಡದ ಲಕ್ಷಣ ವಿವರಿಸಿ ಹೇಳಿದ. ಸರ್ವಮಂಗಳಮ್ಮ ದೀಪದ ಹೊತ್ತಿನವರೆಗೆ ಕೂತು ಎಲ್ಲವನ್ನೂ ಕೇಳಿದರು. ನಮ್ಮಿಬ್ಬರನ್ನೂ ನೋಡಲಿಲ್ಲ. ನಮ್ಮ ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದರು.

ಅವನು ಹೋದ ಮೇಲೆ ಅವರು ಮೆಟ್ಟಿಲಲ್ಲಿ ನಿಂತರು. "ಯಾವಾಗ್ಲೂ ಹಂಗೇ ಮಾತಾಡ್ತಾಳಾ ಅವಳು?"

"ಹೂಂ."

"ಚೂಟಿ ಇದ್ದಾಳೆ." ಎರಡು ಮೆಟ್ಟಿಲು ಇಳಿದು ತಿರುಗಿದರು. "ಇಷ್ಟು ವರ್ಷ ಅವಳು ಈ ಅಟ್ಟದ ಮೇಲೆ ಬೆಳೀತಿದ್ಲು. ನಾನು ಕೆಳಗಡೆ ಬಂದು ತಲೆನೋವಿನ ಮಾತ್ರೆ ತಗೊಂಡು ಹೋಗ್ತಿದ್ದೆ. ನಿಮಗೆ ಒಂದ್ಸಲನಾದ್ರೂ ಹೇಳ್ಬೇಕು ಅನ್ನಿಸ್ಲಿಲ್ವಾ ಜಿನರಾಜಣ್ಣ?"

ಅನ್ನಿಸಿತ್ತು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು.

"ಇರ್ಲಿ. ಒಂದು ಉಪಕಾರ ಮಾಡಿ" ಅಂದರು. "ಅವಳ ಬಾಯಲ್ಲೇ ಹೇಳ್ಸಿ. ಅಪ್ಪ, ಮನೆಗೆ ಹೋಗು ಅಂತ. ನಾನು ಕರೆದ್ರೆ ಕೇಳಿಸಲ್ಲ ಅವರಿಗೆ. ಅವಳು ಹೇಳಿದ್ರೆ ಹೋಗ್ತಾರೆ. ನನಗೆ ಇನ್ನೇನೂ ಬೇಡ, ಅವರು ತೆಳ್ಳಗಾಗೋದ್ರೊಳಗೆ ನಾಲ್ಕು ವಾರ ಆ ಕುರ್ಚೀಲಿ ಬಂದು ಕೂತ್ರೆ ಸಾಕು."

ಅವನು ಆಗಲೇ ಸ್ವಲ್ಪ ತೆಳ್ಳಗಾಗಿದ್ದ. ಅವನ ಭುಜದ ಮೂಲಕ ಗೋಡೆಯ ಕ್ಯಾಲೆಂಡರಿನ ಚಿತ್ರ ಮಸುಕಾಗಿ ಕಾಣುತ್ತಿತ್ತು. ನಾನು ಒಪ್ಪಿದೆ. ಫಿಲೋಮಿನಾಗೆ ಇಷ್ಟವಿರಲಿಲ್ಲ. "ಮಗೂನ ಕೈಲಿ ಸುಳ್ಳು ಹೇಳಿಸ್ತೀರಾ ಮೇಷ್ಟ್ರೇ?" ಎಂದು ಕೇಳಿದಳು. ಸುಳ್ಳೇನು ಬಂತು, ಮನೆಗೆ ಹೋಗು ಎನ್ನುವುದರಲ್ಲಿ ಸುಳ್ಳಿಲ್ಲವಲ್ಲ ಎಂದು ನಾನು ವಾದಿಸಿದೆ.

ಮುಂದಿನ ಗುರುವಾರ ಸರ್ವಮಂಗಳಮ್ಮ ನಮ್ಮಲ್ಲಿಗೆ ಬರಲಿಲ್ಲ. ಮನೆಯಲ್ಲಿ ಬಾಗಿಲು ತೆರೆದಿಟ್ಟು, ಕುರ್ಚಿಯನ್ನು ಮತ್ತೆ ಒರೆಸಿ, ಅವನಿಗೆ ಇಷ್ಟವಾಗಿದ್ದ ಹಸಿರು ಸೀರೆ ಉಟ್ಟು ಕೂತಿದ್ದರು. ಮೇಲೆ ನಾನು ದೋಣಿಯನ್ನು ದಡಕ್ಕೆ ತಂದೆ. ಇಷ್ಟು ಕಾಲ ನಡುನೀರಿನಲ್ಲಿ ಹೆಣಗುತ್ತಿದ್ದ ದೋಣಿ ಒಂದೇ ಮಾತಿಗೆ ದಡ ಸೇರಿತು. ಆಟವನ್ನು ಅಷ್ಟು ಕೆಟ್ಟದಾಗಿ ನಾನು ಎಂದೂ ನಡೆಸಿರಲಿಲ್ಲ.

"ಅಪ್ಪ," ಎಂದೆ ಚಿಗುರಿಯಾಗಿ, "ಇನ್ನು ಮುಂದಿಂದು ನಾನು ನೋಡ್ಕೋತೀನಿ. ಕೋಟೆಗೆ ಉಪ್ಪು ನಾನು ಮುಟ್ಟಿಸ್ತೀನಿ. ನೀನು ಮನೆಗೆ ಹೋಗು."

"ಒಬ್ಬಳೇನಾ?"

"ಮಾಮ ಇದ್ದಾನಲ್ಲ." ಶಫಿಯ ಪಾತ್ರವನ್ನು ಅವಳು ಮಾಮ ಎಂದು ಕರೆಯುತ್ತಿದ್ದಳು. ಶಫಿ ಹೂಂ ಅಂದ.

ಗುರುಶಾಂತ ಯೋಚಿಸಿದ. "ಮೇಷ್ಟ್ರೇ, ಅವಳಿಗೆ ಒಂದು ದಾಳ ಹಾಕಿ. ಸುಖವಾಗಿ ಮುಟ್ತಾಳಾ ನೋಡೋಣ."

ಶಫಿ ಇಪ್ಪತ್ತು ಮುಖದ ದಾಳ ಹಾಕಿದ. ಅದು ಉರುಳಿ ನನ್ನ ಮುಂದೆ ನಿಂತಿತು. ಒಂದು ಬಿದ್ದಿತ್ತು. ನಾನು ಅದನ್ನು ಅಂಗೈಯಿಂದ ಮುಚ್ಚಿದೆ. "ಚೆನ್ನಾಗಿ ಬಿತ್ತು" ಅಂದೆ. "ಮುಟ್ತಾಳೆ."

"ಹಂಗಾದ್ರೆ ಸರಿ ಮಗಳೇ" ಅಂದ ಅವನು. ಎದ್ದ. ಬಾಗಿಲ ಹತ್ತಿರ ನಿಂತು, "ಮೀನಿನ ಕಣ್ಣು ತಿನ್ಬೇಕು, ದೃಷ್ಟಿಗೆ ಒಳ್ಳೇದು" ಎಂದು ಹೇಳಿ ಮೆಟ್ಟಿಲು ಇಳಿದ.

ನಾವು ಮೂವರೂ ಕಿಟಕಿಗೆ ಓಡಿದೆವು. ಖಾಲಿ ಬೀದಿಯಲ್ಲಿ ಅವನು ಹೋಗುತ್ತಿದ್ದ, ಗಂಡಸು ಕೆಲಸ ಮುಗಿಸಿ ಮನೆಗೆ ಹೋಗುವ ನಡಿಗೆಯಲ್ಲಿ. ಅಂಚೆ ಪೆಟ್ಟಿಗೆಯ ಹತ್ತಿರ ಎಡಕ್ಕೆ ತಿರುಗಿದರೆ ಅವನ ಮನೆ. ಅವನು ತಿರುಗಲಿಲ್ಲ. ನೆಟ್ಟಗೆ ಹೋದ. "ಅಯ್ಯೋ ಎಲ್ಲಿಗೆ ಹೊರಟ?" ಎಂದು ಶಫಿ ಕೆಳಗೆ ಓಡಿದ. ನಾನು ಕಿಟಕಿಯಲ್ಲೇ ಉಳಿದೆ, ಏಕೆಂದರೆ ಎಲ್ಲಿಗೆ ಎಂದು ನನಗೆ ಹೊಳೆದುಬಿಟ್ಟಿತ್ತು. ಕೆಂಚರಾಯನಿಗೆ ದಡದ ಮೇಲೆ ಮನೆ ಇಲ್ಲ. ಅವನ ಮನೆ ದೋಣಿ. ಹಾಗೆಂದು ಬಹಳ ಹಿಂದೆ ನಾನೇ ಹೇಳಿದ್ದೆ.

ಅವನು ಕೆರೆಯ ಮೆಟ್ಟಿಲುಗಳಿಗೆ ಹೋಗಿ ನಿಂತಿದ್ದ. ನಮ್ಮ ಕೆರೆಯಲ್ಲಿ ದೋಣಿ ಇಲ್ಲ, ಎಂದೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲುಗಳು, ಆಚೆ ಜೊಂಡು. ಅವನು ಕೊನೆಯ ಮೆಟ್ಟಿಲಲ್ಲಿ, ನೀರಿನಲ್ಲಿ ಕಾಲಿಟ್ಟುಕೊಂಡು, ಕೈ ಹುಬ್ಬಿಗೆ ಹಿಡಿದು ನೋಡುತ್ತಿದ್ದ. ದೀಪದ ಹೊತ್ತಿಗೆ ಮಾಯವಾದ.

ಸರ್ವಮಂಗಳಮ್ಮನಿಗೆ ಹೇಳಲು ನಾನೇ ಹೋಗಬೇಕಾಯಿತು. ಅವರು ಇನ್ನೂ ಬಾಗಿಲಲ್ಲಿದ್ದರು. ನನ್ನ ಹಿಂದೆ ಬೀದಿಯಲ್ಲಿ ಯಾರಾದರೂ ಬರುತ್ತಿದ್ದಾರೆಯೇ ಎಂದು ಬಗ್ಗಿ ನೋಡಿದರು.

"ಹೊರಟ ಮಂಗಳಮ್ಮ. ಮಗಳ ಮಾತು ಕೇಳಿದ. ಆದ್ರೆ... ಕೆರೆ ಹತ್ರ ಹೋಗಿ ನಿಂತ. ಕಥೇಲಿ ಅವನ ಮನೆ ದೋಣಿ ಮೇಲೆ."

ಅವರು ಕುರ್ಚಿಯನ್ನು ಕಿಟಕಿಯಿಂದ ಎತ್ತಿ ಒಳಗಿನ ಕೋಣೆಗೆ ಒಯ್ದರು. ಹೊರಗೆ ಬಂದು, "ನೀವು ಹೋಗಿ ಜಿನರಾಜಣ್ಣ" ಎಂದು ಮೆಲ್ಲಗೆ ಹೇಳಿ ಬಾಗಿಲು ಹಾಕಿಕೊಂಡರು. ಮುಂದಿನ ಗುರುವಾರಗಳಲ್ಲಿ ಆ ಬಾಗಿಲು ತೆರೆಯಲಿಲ್ಲ.

ಅವನು ಆಮೇಲೆ ನನ್ನ ಕೋಣೆಗೂ ಬರಲಿಲ್ಲ. ಪ್ರತಿ ಗುರುವಾರ ಕೆರೆಯ ಮೆಟ್ಟಿಲಲ್ಲಿ ನಿಂತು ದೋಣಿಗೆ ಕಾಯುತ್ತಿದ್ದ. ಊರಿನವರಿಗೆ ಅರ್ಥವಾಗಲಿಲ್ಲ. ಕೆರೆಗೆ ಬರುವಂಥದ್ದು ಅವನಿಗೇನಿತ್ತು ಎಂದು ಮಾತಾಡಿಕೊಂಡರು. ಒಂದು ದಿನ ನಾನು ನಾಚಿಕೆ ಬಿಟ್ಟು ಅವನ ಪಕ್ಕ ನೀರಿಗಿಳಿದು, ಚಿಗುರಿಯ ದನಿ ತೆಗೆದು, "ಅಪ್ಪ, ವಾಪಸ್ ಬಾ. ನಾನು ಇಲ್ಲೇ ಇದ್ದೀನಿ, ಬಾ" ಎಂದು ಕರೆದೆ. ದಂಡೆಯಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. ಗುರುಶಾಂತನಿಗೆ ಕೇಳಿಸಲಿಲ್ಲ. ಮೇಜಿಲ್ಲದೆ, ದಾಳವಿಲ್ಲದೆ, ಆ ದನಿ ಮೊಣಕಾಲುದ್ದ ನೀರಿನಲ್ಲಿ ನಿಂತ ಒಬ್ಬ ಬೋಳುತಲೆಯವನದು ಅಷ್ಟೇ. ಗುರುಶಾಂತನ ಮೂಲಕ ಆಚೆ ದಡದ ಜೊಂಡು ಕಾಣುತ್ತಿತ್ತು. ಅದಾದ ಮೇಲೆ ಅವನು ಹೆಚ್ಚು ದಿನ ಬರಲಿಲ್ಲ.

ಫಿಲೋಮಿನಾ ತಂಗಿಯ ಊರಿಗೆ ಹೋಗಿಬಿಟ್ಟಳು. ಶಫಿ ಒಂದೆರಡು ಗುರುವಾರ ಬಂದ. ಇಬ್ಬರೇ ಮೇಜಿನ ಎದುರು ಕೂತೆವು. ಅವನು ದಾಳಗಳನ್ನು ಮುಟ್ಟಲಿಲ್ಲ, ನಾನು ಕಥೆ ಎತ್ತಲಿಲ್ಲ. ಕ್ರಮೇಣ ಅವನೂ ಬರುವುದನ್ನು ಬಿಟ್ಟ. ನಾನು ಗುರುವಾರ ಮಧ್ಯಾಹ್ನ ಮಲಗಿ ನಿದ್ದೆ ಮಾಡುವುದನ್ನು ರೂಢಿಸಿಕೊಂಡೆ.

ಚಳಿ ಶುರುವಾದ ಮೇಲೆ ಸರ್ವಮಂಗಳಮ್ಮ ಬಿಪಿ ಮಾತ್ರೆಗೆ ಬಂದರು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಅವರು ಬಹಳ ಇಳಿದುಹೋಗಿದ್ದರು. ಮಾತ್ರೆಯ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು, ಹೋಗುವವರು ನಿಂತು, ಕೌಂಟರಿನ ಗಾಜಿನ ಮೇಲೆ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಕೇಳಿದರು:

"ಈಗ ಅವಳ ಜೊತೆ ಯಾರಿದ್ದಾರೆ?"

ಆ ನಾಡಿನ ಬಗ್ಗೆ ಯಾರು ಏನೇ ಕೇಳಲಿ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನಗೆ ಉತ್ತರ ಸಿಗುತ್ತಿತ್ತು. ಅದೊಂದೇ ನನಗೆ ಬರುತ್ತಿದ್ದ ವಿದ್ಯೆ. ಬಾಯಿ ತೆರೆದೆ. ನದಿ ಕಾಣಲಿಲ್ಲ. ದಡದ ಹಳ್ಳಿಗಳಿರಲಿಲ್ಲ. ಕೋಟೆಗೆ ಹೋಗುವ ದಾರಿ ಎಡಕ್ಕೋ ಬಲಕ್ಕೋ ನೆನಪಾಗಲಿಲ್ಲ. ಒಂದು ಹುಡುಗಿ ಉಪ್ಪಿನ ಮೂಟೆಗಳ ನಡುವೆ ನಿಂತದ್ದು ಮಾತ್ರ ಗೊತ್ತು, ಅವಳ ಸುತ್ತ ಏನೂ ಇರಲಿಲ್ಲ.

"ಗೊತ್ತಿಲ್ಲಮ್ಮ" ಅಂದೆ.

ಅವರು ನನ್ನನ್ನು ನೋಡಿದರು. "ಸ್ವಲ್ಪ ನೋಡಿ ಹೇಳ್ಬಾರ್ದಾ?" ಅಂದರು.

ಹಿಂದಿದ್ದವರು ಔಷಧಿ ಚೀಟಿ ಚಾಚಿದರು. ಸರ್ವಮಂಗಳಮ್ಮ ಪಕ್ಕಕ್ಕೆ ಸರಿದು, ತೂಕದ ಮಷೀನಿನ ಹತ್ತಿರ ನಿಂತುಕೊಂಡರು. ನಾನು ಒಬ್ಬೊಬ್ಬರಿಗೇ ಔಷಧಿ ತೆಗೆದುಕೊಡುತ್ತ ಹೋದೆ, ಆದಷ್ಟು ನಿಧಾನವಾಗಿ. ಗಿರಾಕಿಗಳು ಕರಗಿದರು. ಅಂಗಡಿ ಖಾಲಿಯಾಯಿತು. ಅವರು ಅಲ್ಲೇ ನಿಂತಿದ್ದರು.